ಪಂಪಿನೊಳಗಿನ ಹರಳು

"ಸಾಯಬರ, ಪಂಪಿನಾಗ ಹರಳು ಹೊಳ್ಳಾಡಿದಂಗ ಸಪ್ಪಳ ಬರ್ಲಿಕತ್ತದರಿ" ಅಂತ ಕಾಕಾ ಬಂದು ಹೇಳಿದಾಗ ನಾನು ಸೊಸೈಟಿಯ ಲೆಕ್ಕಪತ್ರ ಹರಡಿಕೊಂಡು ಕೂತಿದ್ದೆ. 2022ರ ಏಪ್ರಿಲ್ ಮೊದಲ ವಾರ. ಬ್ಯಾಂಕಿನ ಇಯರ್ ಎಂಡಿಂಗ್ ಈಗಷ್ಟೇ ಮುಗಿದಿತ್ತು, ಮನೆಗೆ ಬಂದರೆ ಸೊಸೈಟಿಯ ಇಯರ್ ಎಂಡಿಂಗ್. ಖಜಾಂಚಿ ಅನ್ನಿಸಿಕೊಂಡ ತಪ್ಪಿಗೆ! "ನೋಡೋಣ ಕಾಕಾ, ನಾಳೆ ಬೆಳಿಗ್ಗೆ ಬರ್ತೀನಿ" ಅಂದೆ.

ಕಾಕಾ ಅಂದರೆ ನಮ್ಮ ಬಿಲ್ಡಿಂಗಿನ ಪಂಪ್‌ವಾಲಾ. ಅಕ್ಕಲಕೋಟೆ ಕಡೆಯವರು. ಕಾಗದದ ಮೇಲೆ ಮಹಾರಾಷ್ಟ್ರ, ಬಾಯಿ ತೆಗೆದರೆ ಕನ್ನಡ. ಪುಣೆಯಲ್ಲಿ ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ನಾನು ಕನ್ನಡ ಮಾತಾಡುತ್ತಿದ್ದದ್ದು ಅವರೊಬ್ಬರ ಜೊತೆ. ಊರಿಗೆ ಹೋಗಿ ಬಂದಾಗಲೆಲ್ಲ ನಮ್ಮ ಮನೆಗೆ ಶೇಂಗಾ ಹೋಳಿಗೆ ತಂದುಕೊಡೋರು. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಐದಕ್ಕೆ ಸ್ವಿಚ್ ಹಾಕಿ, ತೊಟ್ಟಿ ತುಂಬಿಸಿ, ಏಳಕ್ಕೆ ಬಂದ್ ಮಾಡೋದು ಅವರ ಕೆಲಸ.

ಹೊಸ ಪಂಪು ತಂದಿದ್ದು ಫೆಬ್ರವರಿಯಲ್ಲಿ. ಹಳೆಯದು 5 ಎಚ್‌ಪಿ. ನೆಲದಡಿಯ ಸಂಪಿನಿಂದ ಒಂಬತ್ತು ಅಂತಸ್ತಿನ ಮೇಲಿನ ತೊಟ್ಟಿಗೆ ನೀರು ಏರಿಸಲು ಎರಡು ಗಂಟೆ ಹಿಡಿಯುತ್ತಿತ್ತು. ಆರೂವರೆಗೆ ಸ್ನಾನಕ್ಕೆ ಹೋದವರಿಗೆ ನೀರಿಲ್ಲ ಅಂತ ದಿನಾ ತಕರಾರು. ಅದು ಕೆಟ್ಟಾಗ ನಾನೇ ಕಮಿಟಿಯಲ್ಲಿ ಹೇಳಿದೆ, ಹೇಗೂ ದುಡ್ಡು ಹಾಕ್ತೀವಿ, ಏಳೂವರೆ ಎಚ್‌ಪಿಯದ್ದು ಹಾಕಿಬಿಡೋಣ ಅಂತ. ಮೂರು ಕೊಟೇಶನ್ ತರಿಸಿ ಅತಿ ಕಡಿಮೆಯದಕ್ಕೆ ಆರ್ಡರ್ ಕೊಟ್ಟೆ. ಹಳೆಯ ಪಂಪನ್ನು ಭಂಗಾರದವನಿಗೆ ಹಾಕಿದ್ದೂ ನಾನೇ, ಅದಕ್ಕೆ ರಸೀದಿಯನ್ನೂ ಇಟ್ಟಿದ್ದೇನೆ.

ಇದರಲ್ಲಿ ನನಗೆ ಅನುಭವ ಇತ್ತು ಅಂತ ಬೇರೆ ಅಂದುಕೊಂಡಿದ್ದೆ. ಸರ್ವಿಸಿನ ಶುರುವಿಗೆ ಹಳ್ಳಿ ಶಾಖೆಯಲ್ಲಿದ್ದಾಗ ಎಷ್ಟೋ ರೈತರಿಗೆ ಪಂಪ್‌ಸೆಟ್ ಸಾಲ ಕೊಟ್ಟವನು ನಾನು. ಕೊಟೇಶನ್, ಪಹಣಿ, ಬಾವಿಯ ಫೋಟೋ, ಎಷ್ಟು ಎಚ್‌ಪಿ, ಎಷ್ಟು ರೇಟು... ಅಷ್ಟೇ ನೋಡುತ್ತಿದ್ದದ್ದು. ಪಂಪಿಗೆ ಒಂದು ನಕ್ಷೆ ಇರುತ್ತದೆ, ಅದನ್ನು ಓದಬೇಕು ಅಂತ ಯಾವ ಸರ್ಕ್ಯುಲರ್‌ನಲ್ಲೂ ನಾನು ಓದಿದ ನೆನಪಿಲ್ಲ.

ಮರುದಿನ ಐದಕ್ಕೆ ಎದ್ದು ಕೆಳಗೆ ಹೋದೆ. ಕಾಕಾ ಸ್ವಿಚ್ ಹಾಕಿದರು. ಪಂಪು ಜೇನುಹುಳದ ಹಾಗೆ ಗುಂಯ್ ಅಂತ ಓಡಿತು. ಹರಳೂ ಇಲ್ಲ, ಕಲ್ಲೂ ಇಲ್ಲ. "ಈಗ ಇರೂದಿಲ್ಲರಿ, ಟಾಕಿ ತುಂಬ್ಯದಲ್ಲ. ನೀರು ಕೆಳಗ ಹೋದಂಗ ಹೋದಂಗ ಸುರು ಆಗ್ತದ" ಅಂದರು. ನಾನು ಐದು ನಿಮಿಷ ನಿಂತು, ಗಡಿಯಾರ ನೋಡಿಕೊಂಡು, ವಾಕಿಂಗಿಗೆ ಹೋದೆ. ಆ ಇನ್ನೊಂದು ಹದಿನೈದು ನಿಮಿಷ ಅಲ್ಲೇ ನಿಂತಿದ್ದರೆ ಈ ಬರಹವೇ ಬೇಕಿರಲಿಲ್ಲ.

ಜುಲೈನಲ್ಲಿ ನೀರು ಏರುವುದೇ ಕಡಿಮೆಯಾಯಿತು. ಬಿಚ್ಚಿ ನೋಡಿದರೆ ಒಳಗಿನ ಇಂಪೆಲ್ಲರ್, ಅಂದರೆ ನೀರನ್ನು ತಿರುಗಿಸಿ ಎಸೆಯುವ ರೆಕ್ಕೆಗಳ ಚಕ್ರ, ಗೆದ್ದಲು ತಿಂದ ಹಲಗೆಯಂತಾಗಿತ್ತು. ರೆಕ್ಕೆಯ ಬುಡದಲ್ಲಿ ಬೆರಳು ಆಡಿಸಿದರೆ ತರಿತರಿ. ಐದು ತಿಂಗಳ ಪಂಪು! ಮಾರಿದವರು "ನೀರಿಲ್ಲದೆ ಓಡಿಸಿದ್ದೀರಿ, ವಾರಂಟಿ ಬರಲ್ಲ" ಅಂತ ಕೈ ತೊಳೆದುಕೊಂಡರು. ರಿಪೇರಿಗೆ ಒಂಬತ್ತೂವರೆ ಸಾವಿರ. ಕಮಿಟಿಯಲ್ಲಿ ಪ್ರಶ್ನೆ ಎದ್ದಿತು, ಯಾರ ತಪ್ಪು?

ಬ್ಯಾಂಕಿನವನ ಚಟ ನೋಡಿ. ಸಾಲ ಕೆಟ್ಟರೆ ಮೊದಲು ಸ್ಟಾಫ್ ಅಕೌಂಟಬಿಲಿಟಿ. ನಾನೇ ಟಿಪ್ಪಣಿ ಬರೆದೆ, ಮರಾಠಿಯಲ್ಲಿ, ಅಚ್ಚುಕಟ್ಟಾಗಿ: ಆಪರೇಟರನ ನಿರ್ಲಕ್ಷ್ಯದಿಂದ ಡ್ರೈ ರನ್, ವೇತನದಿಂದ ತಿಂಗಳಿಗೆ ಎರಡು ಸಾವಿರದಂತೆ ಮೂರು ಕಂತು ವಸೂಲಿ. ಕಾಕಾ ಸಹಿ ಮಾಡಿದರು. "ನಾ ಒಂದಿನಾನೂ ನೀರಿಲ್ದ ಓಡಿಸಿಲ್ಲರಿ ಸಾಯಬರ" ಅಂತ ಅಂದಿದ್ದು ಒಂದೇ ಸಲ, ಅದೂ ಕನ್ನಡದಲ್ಲಿ, ನನಗೊಬ್ಬನಿಗೆ ಅರ್ಥ ಆಗೋ ಹಾಗೆ. ಮೂರನೇ ಕಂತು ಮುಗಿದ ಮೇಲೆ ದಸರೆಗೆ ಊರಿಗೆ ಹೋದವರು ವಾಪಸ್ ಬರಲಿಲ್ಲ.

ಹೊಸ ಹುಡುಗ ಬಂದ. ಡಿಸೆಂಬರಿಗೆ ಪಂಪು ಮತ್ತೆ ಮಲಗಿತು. ಅದೇ ಗೆದ್ದಲು.

ಈ ಸಲ ನಾನೇ ಆ ಚಕ್ರವನ್ನು ಸ್ಕೂಟರಿನಲ್ಲಿಟ್ಟುಕೊಂಡು ಒಂದು ಲೇಥ್ ವರ್ಕ್‌ಶಾಪಿಗೆ ಹೋದೆ. ಅಲ್ಲಿನ ಹಿರಿಯ ಮಿಸ್ತ್ರಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಸಾಹೇಬ್, ನೀರಿಲ್ಲದೆ ಓಡಿದರೆ ಸೀಲು ಸುಡುತ್ತೆ, ಕರ್ರಗಾಗುತ್ತೆ. ನಿಮ್ಮ ಸೀಲು ಚೆನ್ನಾಗಿದೆ. ಇದು ಡ್ರೈ ರನ್ ಅಲ್ಲ, ಕ್ಯಾವಿಟೇಶನ್. ಪಂಪಿನ ಕರ್ವ್ ನೋಡಿದ್ದೀರಾ?" ಅಂದ. ನಾನು ಎಚ್‌ಪಿ ನೋಡಿದ್ದೆ, ರೇಟು ನೋಡಿದ್ದೆ. ಕರ್ವ್?

ಮಾರಿದವರಿಂದ ಎರಡು ದಿನ ಕಾಡಿ ಬೇಡಿ ಅದರ ಪಿಡಿಎಫ್ ತರಿಸಿಕೊಂಡೆ. ಒಂದು ಹಾಳೆಯ ಮೇಲೆ ನಾಲ್ಕು ಗೆರೆ. ಅಡಿಯಲ್ಲಿ ಸೆಕೆಂಡಿಗೆ ಎಷ್ಟು ಲೀಟರ್ ಅಂತ ಅಳತೆ. ಮೊದಲ ಗೆರೆ ಎಡದಿಂದ ಬಲಕ್ಕೆ ಇಳಿಯುತ್ತದೆ: ಇದೇ ಹೆಡ್, ಎಷ್ಟು ಮೀಟರ್ ಎತ್ತರಕ್ಕೆ ಎಷ್ಟು ನೀರು. ಎತ್ತರ ಕಡಿಮೆಯಾದಷ್ಟೂ ನೀರು ಜಾಸ್ತಿ. ಎರಡನೆಯದು ಗುಡ್ಡದಂತೆ ಏರಿ ಇಳಿಯುವ ದಕ್ಷತೆಯ ಗೆರೆ. ಗುಡ್ಡದ ತುದಿಯ ಆಸುಪಾಸಿನಲ್ಲಿ ಓಡಿಸಿದರೆ ಪಂಪಿಗೂ ಕ್ಷೇಮ, ಕರೆಂಟ್ ಬಿಲ್ಲಿಗೂ ಕ್ಷೇಮ. ಮೂರನೆಯದು ಎಷ್ಟು ಕಿಲೋವ್ಯಾಟ್ ಎಳೆಯುತ್ತದೆ ಅನ್ನೋದು. ನಾಲ್ಕನೆಯದು ಹಾಳೆಯ ತಳದಲ್ಲಿ, ಬಲಕ್ಕೆ ಹೋದಂತೆ ಮೇಲೇಳುವ ಒಂದು ಬಡ ಗೆರೆ. ಅದರ ಹೆಸರು ಎನ್‌ಪಿಎಸ್‌ಎಚ್. ನೆಟ್ ಪಾಸಿಟಿವ್ ಸಕ್ಷನ್ ಹೆಡ್. ಅದನ್ನು ಆಮೇಲೆ ಹೇಳ್ತೀನಿ, ನಮ್ಮ ಕಳ್ಳ ಅಲ್ಲೇ ಅಡಗಿದ್ದ.

ಭಾನುವಾರ ಇಡೀ ಆ ಹಾಳೆ ಮುಂದಿಟ್ಟುಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು, ಅರೆ, ಇದು ನಮ್ಮ ಬಿ.ಕಾಂ. ಬ್ರೇಕ್ ಈವನ್ ಚಾರ್ಟ್ ಅಲ್ವಾ! ಪಂಪಿನ ಗೆರೆ ಕಂಪನಿಯವರು ಕೊಡುತ್ತಾರೆ. ಆದರೆ ಇನ್ನೊಂದು ಗೆರೆಯನ್ನು ನಾವೇ ಎಳೆದುಕೊಳ್ಳಬೇಕು, ಅದು ನಮ್ಮ ಕಟ್ಟಡದ ಗೆರೆ. ಸಂಪಿನಲ್ಲಿ ನೀರು ತಳಕ್ಕಿಳಿದಾಗ ಅದು ಪಂಪಿಗಿಂತ ಮೂರೂವರೆ ಮೀಟರ್ ಕೆಳಗೆ. ಮೇಲಿನ ತೊಟ್ಟಿಯ ಬಾಯಿ ಪಂಪಿಗಿಂತ 30 ಮೀಟರ್ ಮೇಲೆ. ಒಟ್ಟು 33.5 ಮೀಟರ್. ಒಂದು ಹನಿ ನೀರು ಹರಿಯದಿದ್ದರೂ ತೆರಲೇಬೇಕಾದದ್ದು ಇದು, ಫಿಕ್ಸೆಡ್ ಕಾಸ್ಟ್. ಅದರ ಮೇಲೆ ಪೈಪಿನ ಒಳಮೈಗೆ ನೀರು ಉಜ್ಜಿ ಹೋಗುವ ಖರ್ಚು, ವೇರಿಯಬಲ್ ಕಾಸ್ಟ್. ಒಂದೇ ವ್ಯತ್ಯಾಸ ಅಂದರೆ ಇದು ನೇರ ಗೆರೆ ಅಲ್ಲ. ನೀರು ಎರಡು ಪಟ್ಟು ಹರಿದರೆ ಉಜ್ಜುವಿಕೆ ಹೆಚ್ಚೂಕಡಿಮೆ ನಾಲ್ಕು ಪಟ್ಟಾಗುತ್ತದೆ. ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿ ಪಂಪು ಓಡುತ್ತದೆ. ಪಂಪಿನ ಮೈಮೇಲಿನ ಪ್ಲೇಟಿನಲ್ಲಿ ಏನೇ ಬರೆದಿರಲಿ.

ನಮ್ಮ ಪ್ಲೇಟಿನಲ್ಲಿ ಬರೆದದ್ದು 45 ಮೀಟರ್, ಸೆಕೆಂಡಿಗೆ 7 ಲೀಟರ್. ಹಳೆಯ 5 ಎಚ್‌ಪಿ ನಮ್ಮಲ್ಲಿ ಸುಮಾರು 36 ಮೀಟರ್ ಹೆಡ್ಡಿನಲ್ಲಿ 5 ಲೀಟರ್ ಕೊಡುತ್ತಿತ್ತು. ಹೊಸದಕ್ಕೆ ನಮ್ಮ ಕಟ್ಟಡ 45 ಮೀಟರಿನ ಪ್ರತಿರೋಧ ಒಡ್ಡಲೇ ಇಲ್ಲ. ಹಾಗಾಗಿ ಅದು ತನ್ನ ಗೆರೆಯ ಮೇಲೆ ಬಲಕ್ಕೆ ಜಾರಿ ಜಾರಿ ಸುಮಾರು 41 ಮೀಟರ್, ಎಂಟೂವರೆ ಲೀಟರಿನ ಹತ್ತಿರ ಹೋಗಿ ನಿಂತಿತ್ತು. ಪೆನ್ಸಿಲಿನಲ್ಲಿ ನಾನು ಆ ಚುಕ್ಕೆ ಇಟ್ಟಾಗ ಖುಷಿಯಾಗಿದ್ದು ನಿಜ. ಜಾಸ್ತಿ ನೀರು, ನಾವು ಕೇಳಿದ್ದೂ ಅದೇ ತಾನೇ? ಆಮೇಲೆ ಆ ಚುಕ್ಕೆಯಿಂದ ನೆಟ್ಟಗೆ ಕೆಳಗಿಳಿದು ನಾಲ್ಕನೇ ಗೆರೆ ನೋಡಿದೆ. ನಾಲ್ಕೂವರೆ ಮೀಟರ್.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಪಂಪು ನೀರನ್ನು ಹೀರುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹೀರುವುದಿಲ್ಲ. ಅದು ತನ್ನ ಬಾಯಲ್ಲಿ ಒತ್ತಡ ಕಡಿಮೆ ಮಾಡಿಕೊಳ್ಳುತ್ತದೆ ಅಷ್ಟೇ, ನೀರನ್ನು ಮೇಲಕ್ಕೆ ತಳ್ಳುವುದು ಸಂಪಿನ ನೀರಿನ ಮೇಲೆ ಕೂತಿರುವ ಗಾಳಿ. ಸಮುದ್ರ ಮಟ್ಟದಲ್ಲಿ ಆ ಗಾಳಿಗೆ ಇರುವ ತಾಕತ್ತು 10.3 ಮೀಟರ್ ನೀರಿನಷ್ಟು. ಮುಂಬೈ, ಚೆನ್ನೈಯಲ್ಲಿರುವವರಿಗೆ ಇದು ಪೂರ್ತಿ ಸಿಗುತ್ತದೆ. ಪುಣೆ, ಹೈದರಾಬಾದಿನ ಎತ್ತರದಲ್ಲಿ ಸುಮಾರು 9.6. ಬೆಂಗಳೂರಿನ ತಂಪು ಹವೆಗೆ ಹೊಟ್ಟೆಕಿಚ್ಚು ಪಡೋರು ಸಮಾಧಾನ ಮಾಡಿಕೊಳ್ಳಿ, ಅಲ್ಲಿ 9.3 ಕೂಡ ದಾಟುವುದಿಲ್ಲ :)

ಇದು ನಮ್ಮ ಖಾತೆಯ ಜಮೆ. ಇನ್ನು ಖರ್ಚಿನ ಕಡೆ ಬನ್ನಿ. ನೀರು ನೂರು ಡಿಗ್ರಿಗೇ ಕುದಿಯಬೇಕು ಅಂತಿಲ್ಲ, ಒತ್ತಡ ಇಳಿಸಿದರೆ ತಣ್ಣಗಿದ್ದೂ ಕುದಿಯುತ್ತದೆ. 30 ಡಿಗ್ರಿಯ ನೀರು ಕುದಿಯದೆ ಇರಬೇಕಾದರೆ 0.4 ಮೀಟರ್ ಯಾವಾಗಲೂ ಕೈಯಲ್ಲಿರಬೇಕು, ಅದನ್ನು ಮುಟ್ಟೋ ಹಾಗಿಲ್ಲ. ಸಂಪಿನ ತಳದಿಂದ ಎತ್ತಲು 3.5 ಹೋಯಿತು. ಎರಡೂವರೆ ಇಂಚಿನ ಸಕ್ಷನ್ ಪೈಪು, ಮೂರು ಬೆಂಡು, ತುದಿಯಲ್ಲಿ ಫುಟ್‌ವಾಲ್ವ್. ಹಳೆಯ ಪಂಪಿನ 5 ಲೀಟರಿಗೆ ಇವೆಲ್ಲ ಸೇರಿ ಸುಮಾರು 1.1 ಮೀಟರ್ ತಿನ್ನುತ್ತಿದ್ದವು. ಎಂಟೂವರೆ ಲೀಟರಿಗೆ ಅದೇ ಪೈಪು 3.2 ತಿಂದಿತು. ಕೂಡಿಸಿ ಕಳೆದರೆ ಹಳೆಯ ಪಂಪಿನ ಬಾಯಲ್ಲಿ ಉಳಿಯುತ್ತಿದ್ದದ್ದು 4.6 ಮೀಟರ್. ಹೊಸದಕ್ಕೆ ಉಳಿದದ್ದು ಎರಡೂವರೆ. ಅದು ಕೇಳುತ್ತಿದ್ದದ್ದು ನಾಲ್ಕೂವರೆ.

ಮಿನಿಮಮ್ ಬ್ಯಾಲೆನ್ಸ್ ಇಲ್ಲ! ಮೂವತ್ತು ವರ್ಷ ಜನರಿಗೆ ಇದನ್ನೇ ಹೇಳಿಕೊಂಡು ಬಂದವನು ನಾನು.

ಬ್ಯಾಲೆನ್ಸ್ ಇಲ್ಲದಿದ್ದರೆ ಏನಾಗುತ್ತದೆ? ರೆಕ್ಕೆಯ ಬುಡದಲ್ಲಿ ಒತ್ತಡ ತಳ ಮುಟ್ಟಿ ನೀರು ಅಲ್ಲೇ ಆವಿಯ ಗುಳ್ಳೆಗಳಾಗುತ್ತದೆ. ಗುಳ್ಳೆಗಳು ರೆಕ್ಕೆಯ ಜೊತೆ ಮುಂದೆ ಸರಿದು ಒತ್ತಡ ಹೆಚ್ಚಿರುವ ಜಾಗಕ್ಕೆ ಬಂದ ಕೂಡಲೇ ಕುಸಿದು ಬೀಳುತ್ತವೆ. ಕುಸಿದ ಜಾಗಕ್ಕೆ ಸುತ್ತಲ ನೀರು ನುಗ್ಗಿ ಲೋಹಕ್ಕೆ ಬಡಿಯುತ್ತದೆ. ಒಂದು ಗುಳ್ಳೆಯ ಏಟು ಏನೂ ಅಲ್ಲ. ದಿನಕ್ಕೆ ಒಂದೂವರೆ ಗಂಟೆ, ತಿಂಗಳುಗಟ್ಟಲೆ ಬಿದ್ದರೆ ಗೆದ್ದಲು ತಿಂದಂತಾಗುತ್ತದೆ. ಆ ಬಡಿತದ ಸದ್ದೇ ಕಾಕಾ ಹೇಳಿದ ಹರಳು. ಎಂತೆಂಥವರನ್ನು ಕಾಡಿದ ಸಮಸ್ಯೆ ಇದು ಅಂತೀರಿ! ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ಟರ್ಬಿನಿಯಾ ಅಂತ ಹಡಗು ಮಾಡಿ ನೀರಿಗಿಳಿಸಿದರೆ, ಪ್ರೊಪೆಲ್ಲರ್ ಸುತ್ತ ಇದೇ ಗುಳ್ಳೆಗಳೆದ್ದು ಹಡಗು ಅಂದುಕೊಂಡ ವೇಗಕ್ಕೆ ಏರಲೇ ಇಲ್ಲ. ಗುಳ್ಳೆ ಕುಸಿಯುವಾಗ ಒತ್ತಡ ಎಷ್ಟು ಏರುತ್ತದೆ ಅಂತ ಲಾರ್ಡ್ ರೇಲಿ ಲೆಕ್ಕ ಹಾಕಿ ಬರೆದದ್ದು 1917ರಲ್ಲಿ. ನಾನು ಅದನ್ನು ತಿಳಿದುಕೊಂಡಿದ್ದು ನೂರೈದು ವರ್ಷ ತಡವಾಗಿ, ಅಷ್ಟೇ.

ಆಮೇಲೆ ಇನ್ನೊಂದು ಲೆಕ್ಕ ಮಾಡಿದೆ, ಮಾಡಬಾರದಿತ್ತೇನೋ. ಸಂಪು ತುಂಬಿದ್ದಾಗ ನೀರು ಪಂಪಿಗಿಂತ ಒಂದೇ ಮೀಟರ್ ಕೆಳಗಿರುತ್ತದೆ. ಆಗ ಉಳಿಯುವ ಬ್ಯಾಲೆನ್ಸ್ 5 ಮೀಟರ್, ಬೇಕಾದ್ದು ನಾಲ್ಕೂವರೆ. ಸದ್ದಿಲ್ಲ. ನೀರು ಅರ್ಧ ಮೀಟರ್ ಇಳಿಯುವ ಹೊತ್ತಿಗೆ, ಅಂದರೆ ನಮ್ಮ ಸಂಪಿನ ಅಳತೆಗೆ ಸುಮಾರು ಹದಿನೈದು ನಿಮಿಷಕ್ಕೆ, ಎರಡೂ ಸಮ. ಅಲ್ಲಿಂದ ಮುಂದೆ ಹರಳು. "ನೀರು ಕೆಳಗ ಹೋದಂಗ ಹೋದಂಗ" ಅಂತ ಅವರು ಹೇಳಿದ್ದು ಅಕ್ಷರಶಃ ಈ ಲೆಕ್ಕವೇ. ನಾನು ಐದು ನಿಮಿಷ ಕೇಳಿ ಹೋಗಿದ್ದೆ.

ಇನ್ನೂ ನಾಚಿಕೆಯಾದದ್ದು ನಮ್ಮೂರ ಬಾವಿ ನೆನಪಾಗಿ. ನಾನು ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ಬಂತೆಂದರೆ ದೊಡ್ಡಪ್ಪ ನಾಲ್ಕು ಆಳು ಕರೆದು, ಹಗ್ಗ ಕಟ್ಟಿ, ಬಾವಿಯ ಗೋಡೆಯ ಮೇಲಿನ ಕಟ್ಟೆಯಿಂದ ಕೆಳಗಿನ ಕಟ್ಟೆಗೆ ಮೋಟಾರು ಇಳಿಸುತ್ತಿದ್ದರು. ಮಳೆಗಾಲದಲ್ಲಿ ಮತ್ತೆ ಮೇಲೆ. ಮೋಟಾರು ಮುಳುಗೀತು ಅನ್ನೋ ಭಯದಲ್ಲೂ ಯಾಕೆ ಇಳಿಸ್ತೀರಿ ಅಂತ ಕೇಳಿದ್ದೆ. "ಅದೇನು ನೀರು ಜಗ್ಗತೈತಿ ಅಂತ ತಿಳದಿಯೇನಲೇ ತಮ್ಮಾ? ನೀರು ಕೆಳಗ ಹೋದ್ರ ನಾವ ಅದರ ಹತ್ರ ಹೋಗಬೇಕು" ಅಂದಿದ್ದರು. ಫುಟ್‌ವಾಲ್ವ್ ಸೋರಿ ಗಾಳಿ ಹಿಡಿದರೆ ಸಗಣಿ ನೀರು ಹೊಯ್ದು ಏರಿಸುತ್ತಿದ್ದದ್ದೂ ಅವರೇ. ಗಾಳಿ ಹಿಡಿಯುವುದು ಬೇರೆ, ಈ ಹರಳಿನ ಕಾಯಿಲೆ ಬೇರೆ. ಎರಡಕ್ಕೂ ನೀರು ಕಡಿಮೆ ಬರುವುದು ಒಂದೇ ಲಕ್ಷಣವಾದ್ದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಸರಿ, ಔಷಧ ಏನು? ಮೊದಲ ದಿನವೇ ಮಾಡಬಹುದಾದದ್ದು ಪಂಪಿನ ಮುಂದಿನ, ಅಂದರೆ ಮೇಲಕ್ಕೆ ನೀರು ಹೋಗುವ ಕಡೆಯ ವಾಲ್ವನ್ನು ಸ್ವಲ್ಪ ಮುಚ್ಚುವುದು. ನಮ್ಮ ಅಧ್ಯಕ್ಷರು ಹೌಹಾರಿದರು, "ಮುಚ್ಚಿದರೆ ಮೋಟಾರಿನ ಮೇಲೆ ಲೋಡ್ ಬೀಳುತ್ತೆ, ಸುಟ್ಟುಹೋಗುತ್ತೆ!" ಅವರು ಹೇಳಿದ್ದು ಸಹಜವೇ, ನನಗೂ ಹಾಗೇ ಅನ್ನಿಸುತ್ತಿತ್ತು. ಮೂರನೇ ಗೆರೆ ತೋರಿಸಿದೆ. ಇಂಥ ಪಂಪಿನಲ್ಲಿ ನೀರು ಕಡಿಮೆ ಹರಿದರೆ ಕಿಲೋವ್ಯಾಟೂ ಕಡಿಮೆ. ಮುಚ್ಚಿ ನೋಡಿದರೆ ಆಮೀಟರಿನ ಮುಳ್ಳು ಕೆಳಗೇ ಇಳಿಯಿತು! (ಪೂರ್ತಿ ಮುಚ್ಚಿ ಓಡಿಸುತ್ತಾ ಬಿಡಬಾರದು, ಒಳಗಿನ ನೀರು ಬಿಸಿಯಾಗುತ್ತದೆ. ಪಂಪಿನ ಹಿಂದೆ, ನೀರು ಬರುವ ಕಡೆ ವಾಲ್ವ್ ಇರುವವರು ಅದನ್ನಂತೂ ಮುಟ್ಟಲೇಬೇಡಿ, ಇರುವ ಬ್ಯಾಲೆನ್ಸೂ ಹೋಗುತ್ತದೆ.) ಆರು ಲೀಟರಿಗೆ ತಂದು ನಿಲ್ಲಿಸಿದಾಗ ಸಂಪು ತಳ ಕಾಣುವ ತನಕ ಸದ್ದಿಲ್ಲ.

ಆದರೆ ವಾಲ್ವ್ ಮುಚ್ಚುವುದೆಂದರೆ ಆಕ್ಸಿಲರೇಟರ್ ಒತ್ತಿ ಬ್ರೇಕ್ ಹಾಕಿದ ಹಾಗೆ. ಪಂಪು ಎತ್ತಿದ್ದರಲ್ಲಿ ಹತ್ತು ಮೀಟರ್ ಆ ವಾಲ್ವೇ ನುಂಗುತ್ತಿತ್ತು. ಹೇಗೂ ಹೊಸ ಇಂಪೆಲ್ಲರ್ ಹಾಕಬೇಕಿತ್ತಲ್ಲ, ಮಿಸ್ತ್ರಿಯ ಸಲಹೆಯಂತೆ, ಕಂಪನಿಯವರ ನಕ್ಷೆ ನೋಡಿಕೊಂಡು, ಅದರ ವ್ಯಾಸವನ್ನು ಲೇಥಿನಲ್ಲಿ ಹತ್ತನೇ ಒಂದು ಭಾಗದಷ್ಟು ಕಡಿಮೆ ಮಾಡಿಸಿದೆವು. ವ್ಯಾಸ ಹತ್ತು ಪರ್ಸೆಂಟ್ ಇಳಿದರೆ ಹೆಡ್ಡು ಹತ್ತೊಂಬತ್ತರಷ್ಟು, ಕರೆಂಟು ಇಪ್ಪತ್ತೇಳರಷ್ಟು ಇಳಿಯುತ್ತದೆ ಅನ್ನೋದು ಅಂದಾಜು ಲೆಕ್ಕ. ವಾಲ್ವ್ ಪೂರ್ತಿ ತೆಗೆದರೂ ಈಗ ಆರು ಲೀಟರ್ ಹತ್ತಿರವೇ ನಿಲ್ಲುತ್ತದೆ. ಸಕ್ಷನ್ ಪೈಪನ್ನು ನಾಲ್ಕು ಇಂಚಿಗೆ ಬದಲಿಸಿ ಒಂದು ಬೆಂಡು ತೆಗೆಸಿದೆವು. ಪಂಪಿನ ಬಾಯಿಗೆ ಬರುವಲ್ಲಿ ಪೈಪು ಕಿರಿದಾಗುತ್ತದಲ್ಲ, ಆ ರಿಡ್ಯೂಸರಿನ ಚಪ್ಪಟೆ ಬದಿ ಮೇಲಿರಬೇಕು, ಇಲ್ಲದಿದ್ದರೆ ಗಾಳಿ ಅಲ್ಲಿ ಮನೆ ಮಾಡುತ್ತದೆ. ಪ್ಲಂಬರ್ ತಲೆಕೆಳಗು ಕೂರಿಸಿದ್ದ, ನಾನೇ ನಿಂತು ತಿರುಗಿಸಿ ಹಾಕಿಸಿದೆ. ಬಿ.ಕಾಂ. ಓದಿದವನ ಗತ್ತು ಅವತ್ತು ನೋಡಬೇಕಿತ್ತು!

ಇನ್ನೊಂದು ಮಾತು, ಸಾಲ ಕೊಡುವವರಿಗೂ ಪಂಪು ಕೊಳ್ಳುವವರಿಗೂ. ಆ ನಾಲ್ಕನೇ ಗೆರೆಯನ್ನು ಕಂಪನಿಯವರು ಬರೆಯುವುದು ಹೆಡ್ಡು ಆಗಲೇ ಮೂರು ಪರ್ಸೆಂಟ್ ಬಿದ್ದ ಬಿಂದುವಿನಲ್ಲಿ. ಅಂದರೆ ಅಲ್ಲಿಗೆ ಬರುವ ಮೊದಲೇ ಗುಳ್ಳೆ ಶುರುವಾಗಿರುತ್ತದೆ. ಬೇಕಾದದ್ದು ನಾಲ್ಕೂವರೆ ಅಂದರೆ ನಮ್ಮ ಕೈಯಲ್ಲಿ ಐದೂವರೆಯಾದರೂ ಇರಬೇಕು. ಎಚ್‌ಪಿ ಹೆಚ್ಚು ಕೇಳುವ ಮೊದಲು ಸಂಪಿನ ಆಳವನ್ನೂ ಪೈಪಿನ ಇಂಚನ್ನೂ ಬರೆದುಕೊಂಡು ಹೋಗಿ.

2023ರ ಫೆಬ್ರವರಿಯ ಸೊಸೈಟಿ ಸಭೆಯಲ್ಲಿ ಇಷ್ಟನ್ನೂ ಹೇಳಿದೆ. ಹೇಳಿ, ಜುಲೈನ ನನ್ನ ಟಿಪ್ಪಣಿ ತಪ್ಪು, ಆರು ಸಾವಿರ ವಾಪಸ್ ಕೊಡಬೇಕು ಅಂದೆ. ಯಾರೋ "ಹೋಗಲಿ ಬಿಡಿ, ಕೆಲಸ ಬಿಟ್ಟು ಹೋದವನು" ಅಂದರು. ನಾನು ಬಿಡಲಿಲ್ಲ. ಠರಾವು ಪಾಸಾಯಿತು. ಎರಡನೇ ಇಂಪೆಲ್ಲರಿನ ದುಡ್ಡು ಮಾತ್ರ ನಾನೇ ಹಾಕಿದೆ, ಅದನ್ನು ಸಭೆಯಲ್ಲಿ ಹೇಳಲಿಲ್ಲ.

ಕಾಕಾಗೆ ಫೋನ್ ಮಾಡಲು ಎರಡು ದಿನ ಹಿಡಿಯಿತು. ಮಾಡಿದೆ. ತಪ್ಪು ನಂದು, ನಾನು ಕೇಳಿಸಿಕೊಳ್ಳಲಿಲ್ಲ, ನಿಮ್ಮ ದುಡ್ಡು ಕಳಿಸ್ತೀನಿ ಅಂದೆ. ಅವರು ದುಡ್ಡಿನ ಮಾತು ಎತ್ತಲಿಲ್ಲ. ಮಗನ ಹೊಲದಲ್ಲೇ ಇದ್ದಾರಂತೆ, ತಿರುಗಿ ಬರುವ ಮನಸ್ಸಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಪ್ಪಳ ನಿಂತದೇನ್ರಿ?" ಅಂತ ಕೇಳಿದರು.

ಮರುದಿನ ಬೆಳಿಗ್ಗೆ ಆರೂವರೆಗೆ, ಸಂಪಿನ ನೀರು ಕೆಳಗಿಳಿದ ಮೇಲೆ, ಪಂಪ್ ರೂಮಿನಿಂದಲೇ ಫೋನ್ ಹಚ್ಚಿ ಮೊಬೈಲನ್ನು ಪಂಪಿನ ಹತ್ತಿರ ಹಿಡಿದೆ. ಒಂದು ನಿಮಿಷ ಹಿಡಿದೇ ಇದ್ದೆ. ಕಿವಿಗಿಟ್ಟುಕೊಂಡಾಗ ಆ ಕಡೆಯಿಂದ ಕಾಕಾ ಹೇಳುತ್ತಿದ್ದರು, "ಫುಟ್‌ವಾಲ್ವಿನ ಜಾಳಗಿ ತಿಂಗಳಿಗೊಮ್ಮೆ ತೊಳ್ಯಾಕ ಹೇಳ್ರಿ ಆ ಹುಡುಗಗ. ಕಸ ಕಟ್ಟತದ. ನಾ ಅಮಾಸಿಗೊಮ್ಮೆ ತೊಳೀತಿದ್ದೆ."